ಪಡಸಾಲೆಯ ನುಡಿ, ಶಾಲೆಯ ನುಡಿ: ಭಾತಂಬ್ರಾ ಪರಿಸರದ ಭಾಷಾ ಕಲಿಕೆ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿಗೆ ಸೇರಿದ ಭಾತಂಬ್ರಾ ಹಳೆಯ ಕೋಟೆಯೊಂದನ್ನು ಉಳಿಸಿಕೊಂಡಿರುವ ಗ್ರಾಮ. ಚರಿತ್ರಕಾರರು ಈ ಊರನ್ನು ನೆನೆಯುವುದು ಸಾಮಾನ್ಯವಾಗಿ ಆ ಕೋಟೆಯ ಕಾರಣಕ್ಕೆ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ಭಾತಂಬ್ರಾ, ಭಾಲ್ಕಿ, ಔರಾದ ಮತ್ತು ಬೀದರ ನಗರಗಳನ್ನೊಳಗೊಂಡ ಈ ಪರಿಸರಕ್ಕೆ ಬೇರೊಂದು ಮಹತ್ವವಿದೆ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಈ ಜಿಲ್ಲೆಯ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಕನ್ನಡ, ಮರಾಠಿ, ಉರ್ದು ಹಾಗೂ ಅದರ ಆಡುರೂಪವಾದ ದಖನಿ, ತೆಲುಗು, ತಾಂಡಾಗಳ ಗೋರಬೋಲಿ ಇವೆಲ್ಲ ಒಂದೇ ಸಂತೆಯಲ್ಲಿ, ಒಂದೇ ಜಾತ್ರೆಯಲ್ಲಿ, ಎಷ್ಟೋ ಬಾರಿ ಒಂದೇ ಮನೆಯಲ್ಲಿ ಕೇಳಿಬರುತ್ತವೆ.

ಇಂಥ ನೆಲದಲ್ಲಿ ಒಂದು ಮಗು ಭಾಷೆಯನ್ನು ಹೇಗೆ ಕಲಿಯುತ್ತದೆ, ಯಾರು ಅದಕ್ಕೆ ಕಲಿಸುತ್ತಾರೆ ಎಂಬ ಪ್ರಶ್ನೆಯನ್ನು ಶಾಲೆಯ ದಾಖಲೆಗಳಿಂದ ಮಾತ್ರ ಉತ್ತರಿಸಲಾಗದು. ಇಲ್ಲಿ ಮೊದಲಿನಿಂದಲೂ ಎರಡು ಬಗೆಯ ಕಲಿಕೆಗಳು ಜೊತೆಜೊತೆಗೆ ನಡೆದುಬಂದಿವೆ. ಒಂದು ಕಿವಿಯ ಕಲಿಕೆ. ಅದು ಪಡಸಾಲೆಯಲ್ಲಿ, ಬೀಸುವ ಕಲ್ಲಿನ ಬಳಿ, ಭಜನೆಯ ಕಟ್ಟೆಯಲ್ಲಿ, ಸಂತೆಯಲ್ಲಿ ನಡೆಯುವಂಥದು. ಇನ್ನೊಂದು ಅಕ್ಷರದ ಕಲಿಕೆ. ಅದು ಆಯಾ ಕಾಲದ ಪ್ರಭುತ್ವ ಒಪ್ಪಿದ ಭಾಷೆಯಲ್ಲಿ, ಪ್ರಭುತ್ವ ಒಪ್ಪಿದ ಜಾಗದಲ್ಲಿ ನಡೆಯುವಂಥದು. ಕಿವಿಯ ಕಲಿಕೆ ಹಲವು ನುಡಿಗಳಿಗೆ ಎಡೆ ಕೊಟ್ಟಿತು; ಅಕ್ಷರದ ಕಲಿಕೆ ಬಹುಮಟ್ಟಿಗೆ ಒಂದೇ ನುಡಿಯನ್ನು ಕೇಳಿತು. ಈ ಎರಡರ ನಡುವಿನ ಅಂತರ ಮತ್ತು ಆ ಅಂತರವನ್ನು ತುಂಬಲು ಜನ ಕಂಡುಕೊಂಡ ದಾರಿಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳಲ್ಲಿ ಉಳಿದ ಸಹವಾಸ

ಭಾಷೆಗಳ ನೆರೆಹೊರೆಯನ್ನು ಅರಿಯಲು ಈ ಭಾಗದ ಊರ ಹೆಸರುಗಳೇ ಸಾಕು. ಭಾಲ್ಕಿ ತಾಲ್ಲೂಕಿನಲ್ಲಿ ಬ್ಯಾಲಹಳ್ಳಿಯಂಥ ಕನ್ನಡದ ಹೆಸರೂ ಉಂಟು. ಲಖನಗಾಂವ, ಸಾಯಗಾಂವ ಎಂಬ ಮರಾಠಿ ಮೈಕಟ್ಟಿನ ಹೆಸರುಗಳೂ ಉಂಟು. ನೆರೆಯ ಹುಮನಾಬಾದ ಕಡೆಯ ಹಳ್ಳಿಖೇಡ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಮೊದಲರ್ಧ ಕನ್ನಡದ ‘ಹಳ್ಳಿ’, ಎರಡನೆಯರ್ಧ ಅದೇ ಅರ್ಥದ ಮರಾಠಿಯ ‘ಖೇಡೆ’ ಎಂದು ಓದಬಹುದಾಗಿದೆ. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಕಂದಾಯ ದಾಖಲೆಗಳು ‘ಬಿ’ ಮತ್ತು ‘ಕೆ’ ಎಂಬ ಅಕ್ಷರಗಳನ್ನು ಬಳಸುವುದುಂಟು. ಹಲವು ಕಡೆ ಇವು ಪಾರಸಿಯ ‘ಬುಜುರ್ಗ್’ (ಹಿರಿಯ) ಮತ್ತು ‘ಖುರ್ದ್’ (ಕಿರಿಯ) ಎಂಬ ಪದಗಳ ಸಂಕ್ಷೇಪಗಳು. ನೆಲ ಕನ್ನಡದ್ದು, ನೆರೆ ಮರಾಠಿಯದು, ಕಚೇರಿ ಪಾರಸಿಯದು ಎಂಬ ಮೂರು ಪದರುಗಳು ಇಂಥ ಹೆಸರುಗಳಲ್ಲಿ ಒಟ್ಟಿಗೆ ಕೂತಿವೆ.

ಶಬ್ದಗಳ ಕೊಡುಕೊಳೆಯೂ ಹೀಗೆಯೇ. ಮರಾಠಿಯ ‘ತೂಪ’ ಕನ್ನಡದ ತುಪ್ಪದಿಂದಲೂ ‘ಅಡಕಿತ್ತಾ’ ಕನ್ನಡದ ಅಡಕತ್ತರಿಯಿಂದಲೂ ಬಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡ ಶಾಲೆಯ ಹಾಜರಿ, ರಜೆ, ಕಾಗದ, ಶಾಯಿ, ದೌತಿ ಇವೆಲ್ಲ ಅರಬಿ-ಪಾರಸಿ ಮೂಲದವು. ಕನ್ನಡದ ಹುಡುಗನೊಬ್ಬ ಕನ್ನಡವನ್ನು ಬರೆಯಲು ಕೂತಾಗಲೂ ಅವನ ಕೈಯಲ್ಲಿರುವ ಸಾಮಗ್ರಿಯ ಹೆಸರು ಬೇರೆ ನಾಡಿನಿಂದ ಬಂದದ್ದಾಗಿರುತ್ತದೆ.

ಇದಕ್ಕಿಂತ ಆಳವಾದದ್ದು ವಾಕ್ಯರಚನೆಯ ಮಟ್ಟದ ಸಾಮ್ಯ. ದಖನಿ ಮಾತಿನ ‘ನಕ್ಕೋ’ ಮರಾಠಿಯ ‘ನಕೋ’ದಿಂದ ಬಂದುದು. ಅದೇ ದಖನಿಯಲ್ಲಿ ಬೇರೊಬ್ಬರ ಮಾತನ್ನು ಹೇಳುವಾಗ ‘ಬೋಲ್ಕೆ’ ಎಂಬುದು ಆ ಮಾತಿನ ಕೊನೆಗೆ ಬರುತ್ತದೆ. ಗ್ರಾಂಥಿಕ ಉರ್ದುವಿನಲ್ಲಿ ‘ಕಿ’ ಎಂಬ ಪದ ಉಕ್ತಿಗಿಂತ ಮುಂಚೆ ಬರಬೇಕು. ದಖನಿ ಆ ಕ್ರಮವನ್ನು ಬಿಟ್ಟು ಕನ್ನಡದ ‘ಅಂತ’, ತೆಲುಗಿನ ‘ಅನಿ’ಗಳ ಕ್ರಮವನ್ನು ಹಿಡಿದಿದೆ. ಅಂದರೆ ಉರ್ದು ಈ ನೆಲಕ್ಕೆ ಬಂದು ಇಲ್ಲಿಯ ಜನರಿಗೆ ಕಲಿಸಿದ್ದಷ್ಟೇ ಅಲ್ಲ, ಇಲ್ಲಿಯ ಜನರಿಂದ ಕಲಿತದ್ದೂ ಉಂಟು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ತಂತಮ್ಮ ಶಬ್ದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡಿದ್ದರೂ ವಾಕ್ಯದ ಎಲುಬುಗೂಡು ಬಹುತೇಕ ಒಂದೇ ಆಗಿತ್ತು. ಅಲ್ಲಿಯ ಮರಾಠಿ ತನ್ನ ಲಿಂಗವ್ಯವಸ್ಥೆಯಲ್ಲಿ ಕನ್ನಡದ ಹಾದಿ ಹಿಡಿದಿತ್ತು. ಜನ ತಂತಮ್ಮ ಮನೆಮಾತನ್ನು ಬಿಡದೆ ನೆರೆಯವರ ಮಾತನ್ನು ತಲೆಮಾರುಗಳ ಕಾಲ ಬಳಸಿದಾಗ ಇಂಥ ಹೊಂದಾಣಿಕೆ ಸಾಧ್ಯವಾಗುತ್ತದೆ. ಬೀದರ ಸೀಮೆಯ ನುಡಿಗಳನ್ನು ಅರಿಯಲು ಈ ನಿದರ್ಶನ ಒಳ್ಳೆಯ ಕೈದೀವಿಗೆಯಾಗಿದೆ.

ಓನಾಮ, ಶ್ರೀಗಣೇಶಾ, ಬಿಸ್ಮಿಲ್ಲಾ

ಅಕ್ಷರಾರಂಭವನ್ನು ಹೆಸರಿಸುವ ಬಗೆಯಲ್ಲಿಯೇ ಈ ಸೀಮೆಯ ಮೂರು ವಿದ್ಯಾಸಂಪ್ರದಾಯಗಳು ಕಾಣಸಿಗುತ್ತವೆ. ಕನ್ನಡದಲ್ಲಿ ಕಲಿಕೆಗೆ ತೊಡಗುವುದೆಂದರೆ ‘ಓನಾಮ’ ಹಾಕುವುದು. ಮರಾಠಿಯಲ್ಲಿ ಅದು ‘ಶ್ರೀಗಣೇಶಾ’ ಮಾಡುವುದು. ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ ‘ಬಿಸ್ಮಿಲ್ಲಾ’ ಮಾಡಿಸುವುದು. ಮೂರೂ ದೇವರ ಸ್ಮರಣೆಯಿಂದ ಹುಟ್ಟಿದ ಮಾತುಗಳು. ಮೂರೂ ಕ್ರಮೇಣ ‘ಆರಂಭ’ ಎಂಬ ಸಾಮಾನ್ಯ ಅರ್ಥವನ್ನು ಪಡೆದವು.

ಬೀದರ ನಗರದಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಅರಬಿ-ಪಾರಸಿ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ದಖನಿಯ ಅತ್ಯಂತ ಹಳೆಯ ಕಥನಕಾವ್ಯವೆಂದು ಪರಿಗಣಿತವಾದ ‘ಕದಮ್ ರಾವ್ ಪದಮ್ ರಾವ್’ ಅದಕ್ಕೂ ಹಿಂದೆ, ಅದೇ ಶತಮಾನದ ಮೊದಲರ್ಧದಲ್ಲಿ, ಬಹಮನಿ ಆಶ್ರಯದಲ್ಲಿ ಹುಟ್ಟಿತು. ಹಳ್ಳಿಗಳಲ್ಲಿಯಾದರೋ ಐಗಳ ಮಠಗಳಿದ್ದವು. ಮರಳಿನ ಮೇಲೆ ಬೆರಳಿಟ್ಟು ತಿದ್ದುವುದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದು, ಪುರಾಣದ ಪದ್ಯಗಳನ್ನು ಬಾಯಿಪಾಠ ಮಾಡುವುದು ಅಲ್ಲಿಯ ಕ್ರಮ. ಲೆಕ್ಕಪತ್ರ ಹಿಡಿಯುವ ಮನೆತನಗಳಲ್ಲಿ ಮರಾಠಿಯ ಮೋಡಿ ಲಿಪಿಯನ್ನು ಕಲಿಸುತ್ತಿದ್ದರು. ಹೀಗೆ ಒಂದೊಂದು ಲಿಪಿಗೆ ಒಂದೊಂದು ಕೆಲಸವಿತ್ತು: ಆಸ್ಥಾನಕ್ಕೆ ಪಾರಸಿ, ಲೆಕ್ಕಕ್ಕೆ ಮೋಡಿ, ಪುರಾಣ-ವಚನಗಳಿಗೆ ಕನ್ನಡ, ಕುರಾನ್ ಪಠಣಕ್ಕೆ ಅರಬಿ. ಯಾವ ಭಾಷೆ ದೊಡ್ಡದು ಎಂಬುದಕ್ಕಿಂತ ಯಾವ ಸಂದರ್ಭಕ್ಕೆ ಯಾವ ಭಾಷೆ ಎಂಬುದು ಅಲ್ಲಿಯ ಪ್ರಶ್ನೆಯಾಗಿತ್ತು.

ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಸರಿಯಲ್ಲ. ಹೆಣ್ಣುಮಕ್ಕಳಿಗೂ ಕೆಳಜಾತಿಗಳ ಮಕ್ಕಳಿಗೂ ಆ ಮಠಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಕೆಲವೇ ಮನೆತನಗಳ ಗಂಡುಮಕ್ಕಳು ಲಿಪಿಯನ್ನು ಬಲ್ಲವರಾದರು. ಉಳಿದ ಸಮುದಾಯದ ಪಾಲಿಗೆ ಕಿವಿಯ ಕಲಿಕೆಯೊಂದೇ ವಿದ್ಯೆಯಾಗಿ ಉಳಿಯಿತು.

ಹೊರಗಿನ ಫಲಕ, ಒಳಗಿನ ಪಾಠ

ಹೈದರಾಬಾದ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡಿತು. ವಿಜ್ಞಾನ, ಕಾನೂನು, ಚರಿತ್ರೆಗಳ ಗ್ರಂಥಗಳನ್ನು ಉರ್ದುವಿಗೆ ತರಲು ಅನುವಾದ ವಿಭಾಗವೂ ಏರ್ಪಟ್ಟಿತು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ವಿದ್ಯೆಯನ್ನು ಬೋಧಿಸಬಹುದೆಂದು ತೋರಿಸಿಕೊಟ್ಟ ಈ ಪ್ರಯೋಗ ಚರಿತ್ರಾರ್ಹವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಗ್ಲಿಷಿನ ಎದುರು ಉರ್ದುವಿನ ಪರವಾಗಿ ಹೂಡಿದ ಈ ವಾದವನ್ನು ಸಂಸ್ಥಾನದ ಬಹುಸಂಖ್ಯಾತರ ತಾಯ್ನುಡಿಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಅನ್ವಯಿಸಲಿಲ್ಲ. ಪ್ರಾಥಮಿಕ ಹಂತವನ್ನು ದಾಟಿ ಮೇಲೆ ಓದಬೇಕೆಂದರೆ, ನೌಕರಿ ಬೇಕೆಂದರೆ ಉರ್ದು ಅನಿವಾರ್ಯವಾಯಿತು. ಖಾಸಗಿ ಶಾಲೆಗಳಿಗೆ ಸರ್ಕಾರದ ಅನುಮತಿ ಬೇಕಾಗಿತ್ತು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಬೇರೆ ಭಾಷೆಯ ಮೂಲಕವೇ ಗಣಿತವನ್ನೂ ಚರಿತ್ರೆಯನ್ನೂ ಕಲಿಯಬೇಕಾಯಿತು.

ಇದೇ ಬಗೆಯ ಸಮಸ್ಯೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ರೂಪದಲ್ಲಿತ್ತು. ಅಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗಿದ್ದುಕೊಂಡೇ ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬೀದರ ಸೀಮೆಯಲ್ಲಿ ಆ ಹೊಣೆ ಬಿದ್ದದ್ದು ಮುಖ್ಯವಾಗಿ ಮಠದ ಮೇಲೆ.

ಭಾಲ್ಕಿ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು (1890-1999) ಈ ಕಾರ್ಯದ ಕೇಂದ್ರವ್ಯಕ್ತಿ. ಆಗ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಜನಿಸಿದ ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಬಡಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ಕೂಡಿಸಿದರು. 1936ರಲ್ಲಿ ಆರಂಭವಾದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಅವರ ಶ್ರಮದ ಫಲ. ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರೆಂಬ ಸಂಗತಿ ಈ ಭಾಗದಲ್ಲಿ ಇಂದಿಗೂ ಜನಜನಿತವಾಗಿದೆ. ಇದನ್ನು ಕೇವಲ ಜಾಣತನದ ಪ್ರಸಂಗವೆಂದು ನೋಡಿದರೆ ಅದರ ಅರ್ಥ ಪೂರ್ತಿ ದಕ್ಕುವುದಿಲ್ಲ. ಅಲ್ಲಿಯವರೆಗೆ ಕನ್ನಡ ಉಳಿದದ್ದು ಪಡಸಾಲೆಯಲ್ಲಿ, ಬಾಯಿಂದ ಬಾಯಿಗೆ. ಪಟ್ಟದ್ದೇವರು ಆ ಬಾಯಿಮಾತಿಗೆ ಅಕ್ಷರದ ಬೆಂಬಲ ಕೊಟ್ಟರು. ಬಾಯಿಮಾತು ನುಡಿಯನ್ನು ಬದುಕಿಸಬಲ್ಲದು. ಆದರೆ ಅರ್ಜಿ ಬರೆಯಲು, ಸಾಲಪತ್ರ ಓದಿ ಸಹಿ ಮಾಡಲು, ಪರೀಕ್ಷೆಗೆ ಕೂರಲು ಅದೊಂದೇ ಸಾಲದು. ಅಕ್ಷರವಿಲ್ಲದ ನುಡಿಯ ಮಗು ತನ್ನ ಊರಿನ ಕಚೇರಿಯಲ್ಲೇ ಪರಕೀಯವಾಗುತ್ತದೆ ಎಂಬ ಅರಿವು ಆ ಕಾರ್ಯದ ಹಿಂದಿತ್ತು.

ಇಲ್ಲಿ ವಿರೋಧವಿದ್ದದ್ದು ಉರ್ದು ಭಾಷೆಗಲ್ಲ, ಒಂದೇ ಭಾಷೆಯ ಹೇರಿಕೆಗೆ ಎಂಬುದನ್ನು ಗಮನಿಸಬೇಕು. ಉರ್ದುವಿನ ಒಡನಾಟ ಪಡೆದ ಹೈದರಾಬಾದ ಕರ್ನಾಟಕದ ಲೇಖಕರು ಆ ಭಾಷೆಯ ಸತ್ವವನ್ನು ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಕನ್ನಡದಲ್ಲಿ ಗಜಲ್ ಪ್ರಕಾರವನ್ನು ನೆಲೆಗೊಳಿಸಿದವರಲ್ಲಿ ಮೊದಲಿಗರಾದ ರಾಯಚೂರು ಸೀಮೆಯ ಶಾಂತರಸರು 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಬೀಸುವ ಕಲ್ಲಿನ ಪಾಠಶಾಲೆ

ಅಕ್ಷರದ ಶಾಲೆ ಯಾರನ್ನು ಹೊರಗಿಟ್ಟಿತೋ ಅವರೇ ಕಿವಿಯ ಶಾಲೆಯ ಗುರುಗಳಾದರು. ಅವರಲ್ಲಿ ಹೆಂಗಸರದು ಮೊದಲ ಸ್ಥಾನ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಸಂಸ್ಕೃತ ವಿಶ್ವಕೋಶ. ಕುಟ್ಟುವ ಕೆಲಸದಲ್ಲಿ ತ್ರಿಪದಿಯನ್ನು ಬಳಸುವುದನ್ನೂ, ಮಹಾರಾಷ್ಟ್ರದ ಹೆಂಗಸರು ಓವಿಯನ್ನು ಹಾಡುವುದನ್ನೂ ಆ ಗ್ರಂಥ ಹೇಳುತ್ತದೆ. ಭಾಲ್ಕಿಯ ನೆರೆಯಲ್ಲಿರುವ ಇಂದಿನ ಬಸವಕಲ್ಯಾಣವೇ ಆ ಅರಸರ ರಾಜಧಾನಿ. ಕನ್ನಡದ ತ್ರಿಪದಿ, ಮರಾಠಿಯ ಓವಿ ಎಂಬ ಎರಡು ದುಡಿಮೆಯ ಹಾಡುಗಳು ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಒಂದೇ ಗ್ರಂಥದಲ್ಲಿ ಅಕ್ಕಪಕ್ಕ ನಿಂತಿರುವುದು ಈ ಸೀಮೆಯ ಭಾಷಾಚರಿತ್ರೆಗೆ ಬೆಲೆಯುಳ್ಳ ಆಧಾರ.

ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು ಎದುರುಬದುರಾಗಿ ಕೂರುತ್ತಾರೆ. ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಸಾಲಿನ ಒಂದು ಭಾಗ ಹಾಗೆಯೇ ಮರುಕಳಿಸುತ್ತದೆ. ಇನ್ನೊಂದು ಭಾಗದಲ್ಲಿ ಒಂದು ಪದ ಮಾತ್ರ ಬದಲಾಗುತ್ತದೆ. ಅಣ್ಣನ ಜಾಗಕ್ಕೆ ತಮ್ಮ ಬರುತ್ತಾನೆ, ತವರಿನ ಜಾಗಕ್ಕೆ ಅತ್ತೆಯ ಮನೆ ಬರುತ್ತದೆ. ಆಧುನಿಕ ಭಾಷಾಬೋಧನೆಯಲ್ಲಿ ವಾಕ್ಯದ ಚೌಕಟ್ಟನ್ನು ಇಟ್ಟುಕೊಂಡು ಪದವನ್ನು ಬದಲಿಸುವ ಅಭ್ಯಾಸವೊಂದಿದೆ. ಬೀಸುವ ಪದಗಳು ಅದೇ ಕೆಲಸವನ್ನು ರಾಗ, ಲಯ ಮತ್ತು ಅರ್ಥದ ಬೆಚ್ಚನೆಯೊಡನೆ ಮಾಡುತ್ತಿದ್ದವು. ತಪ್ಪಿದರೆ ನಗೆಯೇ ತಿದ್ದುಪಡಿ, ಬೆತ್ತವಿಲ್ಲ.

ಈ ಪಾಠಶಾಲೆಯ ಮುಖ್ಯ ವಿದ್ಯಾರ್ಥಿನಿ ಸೊಸೆ. ಕೊಡುಕೊಳ್ಳುವ ಸಂಬಂಧಗಳು ಉದಗೀರ, ನಿಲಂಗಾ, ನಾರಾಯಣಖೇಡಗಳವರೆಗೆ ಹಬ್ಬಿದ್ದ ಈ ಸೀಮೆಯಲ್ಲಿ ಮರಾಠಿಯಲ್ಲಿ ಬೆಳೆದ ಹೆಣ್ಣುಮಗಳು ಕನ್ನಡದ ಮನೆಗೂ, ಕನ್ನಡದ ಹೆಣ್ಣುಮಗಳು ಮರಾಠಿ ಅಥವಾ ತೆಲುಗು ಬೆರೆತ ಮನೆಗೂ ಸೇರುವುದು ಸಹಜವಾಗಿತ್ತು. ಅತ್ತೆ, ನಾದಿನಿ, ನೆಗೆಣ್ಣಿಯರೊಡನೆ ಕುಟ್ಟುತ್ತ ಬೀಸುತ್ತ ಅವಳು ಹೊಸ ನುಡಿಯನ್ನು ಕಲಿತಳು. ತವರಿನ ನುಡಿಯನ್ನೂ ಬಿಡದೆ ತೊಟ್ಟಿಲ ಬಳಿ ಅದನ್ನು ಮಕ್ಕಳಿಗೆ ದಾಟಿಸಿದಳು. ಆ ಮಗುವಿಗೆ ಎರಡು ನುಡಿಗಳು ಎರಡು ವಿಷಯಗಳಾಗಿರಲಿಲ್ಲ. ಒಂದು ತಾಯಿಯ ಮಾತು, ಇನ್ನೊಂದು ಅಜ್ಜಿಯ ಮಾತು, ಅಷ್ಟೆ.

ಶೀಗಿ ಹುಣ್ಣಿಮೆಯ ಸುಮಾರಿಗೆ ಬೀದರ ಜಿಲ್ಲೆಯ ಹೆಣ್ಣುಮಕ್ಕಳು ಹಾಡುವ ಬುಲಾಯಿ ಹಾಡುಗಳೂ ಇಂಥವೇ. ವಿದರ್ಭ, ಖಾನದೇಶಗಳಲ್ಲಿ ಅದೇ ಋತುವಿನಲ್ಲಿ ಹುಡುಗಿಯರು ಆಚರಿಸುವ ‘ಭುಲಾಬಾಯಿ’ಯೊಡನೆ ಇದರ ಹೆಸರಿಗೂ ಕಾಲಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ಆಚರಣೆ ಗಡಿ ದಾಟುತ್ತದೆ, ಹಾಡಿನ ನುಡಿ ಆಯಾ ಊರಿನದಾಗುತ್ತದೆ.

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಕ್ಷೇತ್ರ ಇನ್ನೊಂದು ನಿದರ್ಶನ. ಕನ್ನಡಿಗರಿಗೆ ಮೈಲಾರ, ಮರಾಠಿಗರಿಗೆ ಖಂಡೋಬಾ, ತೆಲುಗರಿಗೆ ಮಲ್ಲನ್ನ ಆಗಿರುವ ಈ ದೇವರ ಸುತ್ತ ಗೊರವರು, ವಾಘ್ಯಾ-ಮುರಳಿಯರು, ಒಗ್ಗು ಕಥೆಯವರು ಮೂರು ಭಾಷೆಗಳಲ್ಲಿ ಕಥನ ಸಂಪ್ರದಾಯಗಳನ್ನು ಬೆಳೆಸಿದ್ದಾರೆ. ಮಹಾರಾಷ್ಟ್ರದ ಭಕ್ತರು ಖಂಡೋಬಾನಿಗೆ ಹಾಕುವ ‘ಯಳಕೋಟ’ ಎಂಬ ಜಯಘೋಷ ಕನ್ನಡದ ‘ಏಳು ಕೋಟಿ’ಯ ರೂಪಾಂತರ. ಕನ್ನಡ ಬಾರದವರೂ ದೇವರೆದುರು ಕನ್ನಡದ ಸಂಖ್ಯೆಯೊಂದನ್ನು ಉಚ್ಚರಿಸುತ್ತಾರೆ. ಅತ್ತ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ ಶಹನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿಯಿದೆ. ಹುಮನಾಬಾದ ಬಳಿಯ ಮಾಣಿಕನಗರದ ಮಾಣಿಕ ಪ್ರಭುಗಳು (1817-1865) ಮರಾಠಿ, ಕನ್ನಡ, ಹಿಂದುಸ್ತಾನಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಕೇಳುವವರು ಹಲವು ನುಡಿಯವರಾದಾಗ ಹಾಡುವವರೂ ಹಲವು ನುಡಿಗಳನ್ನು ಕಲಿಯಬೇಕಾಯಿತು.

ಕಿವಿಯ ಕಲಿಕೆಯೂ ಅಕ್ಷರದ ಕಲಿಕೆಯೂ ಒಬ್ಬರಲ್ಲೇ ಕೂಡಿದರೆ ಏನಾಗಬಹುದೆಂಬುದಕ್ಕೆ ಜಯದೇವಿತಾಯಿ ಲಿಗಾಡೆಯವರ (1912-1986) ಬದುಕು ಸಾಕ್ಷಿ. ಸೊಲ್ಲಾಪುರದಲ್ಲಿ ಹುಟ್ಟಿದ ಅವರ ಶಾಲಾ ಶಿಕ್ಷಣ ಮರಾಠಿಯಲ್ಲಿ ನಡೆಯಿತು. ಕನ್ನಡದ ಓದುಬರಹವನ್ನು ಅವರು ಸ್ವಂತ ಪರಿಶ್ರಮದಿಂದ ಕಲಿತರು. ಬಳಿಕ ವಚನಗಳನ್ನು ಮರಾಠಿಗೆ ಅನುವಾದಿಸಿದರು. ಕನ್ನಡದಲ್ಲಿ ‘ಶ್ರೀ ಸಿದ್ಧರಾಮ ಪುರಾಣ’ವೆಂಬ ಮಹಾಕಾವ್ಯವನ್ನು ರಚಿಸಿದರು. ಆ ಕಾವ್ಯಕ್ಕೆ ಅವರು ಆರಿಸಿಕೊಂಡದ್ದು ಪಂಡಿತರ ವೃತ್ತಗಳನ್ನಲ್ಲ, ಗರತಿಯರ ತ್ರಿಪದಿಯನ್ನು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಕೊನೆಯ ವರ್ಷಗಳಲ್ಲಿ ಅವರು ನೆಲೆಸಿದ್ದು ಬಸವಕಲ್ಯಾಣದಲ್ಲಿ. ಶಾಲೆ ಕೊಡದ ಅಕ್ಷರವನ್ನು ದುಡಿದು ಗಳಿಸಿದ ಅವರಿಗೆ ಛಂದಸ್ಸನ್ನು ಕೊಟ್ಟದ್ದು ಬೀಸುವ ಕಲ್ಲಿನ ಪರಂಪರೆ.

ರೇಖೆ ಎಳೆದ ಮೇಲೆ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ ಸಂಸ್ಥಾನ ಭಾರತದ ಒಕ್ಕೂಟವನ್ನು ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರಿನ ಕನ್ನಡಿಗರಿಗೆ ತಮ್ಮ ನುಡಿಯ ಶಾಲೆ ನ್ಯಾಯವಾಗಿ ದೊರೆಯಿತು. ಫಲಕವೂ ಪಾಠವೂ ಒಂದೇ ಭಾಷೆಯಲ್ಲಿ ಇರಬಹುದಾದ ಕಾಲ ಬಂತು. ಇದು ದೊಡ್ಡ ಗಳಿಕೆ.

ಆದರೆ ರೇಖೆ ಎಳೆದದ್ದು ನೆಲದ ಮೇಲೆ, ಮನೆಗಳ ಒಳಗಲ್ಲ. ವಿಕಾರಾಬಾದದಿಂದ ಪರಳಿಗೆ ಹೋಗುವ ರೈಲುಮಾರ್ಗ ಇಂದಿಗೂ ಜಹೀರಾಬಾದ, ಬೀದರ, ಭಾಲ್ಕಿ, ಕಮಲನಗರ, ಉದಗೀರಗಳನ್ನು ಒಂದೇ ಸರದಲ್ಲಿ ಪೋಣಿಸುತ್ತದೆ. ಈ ದಾರಿಯಲ್ಲಿ ಶಾಲೆಯ ಮೊದಲ ಭಾಷೆ ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಬದಲಾಗುತ್ತದೆ. ಒಬ್ಬಳು ಅಕ್ಕ ಭಾಲ್ಕಿಯಲ್ಲಿ, ಇನ್ನೊಬ್ಬಳು ಉದಗೀರದಲ್ಲಿ ಇದ್ದರೆ ಅವರ ಮಕ್ಕಳು ಮಾತಿನಲ್ಲಿ ಒಂದಾಗಿ, ಬರಹದಲ್ಲಿ ಬೇರೆಯಾಗುತ್ತಾರೆ. ಸ್ವಂತ ಲಿಪಿಯಿಲ್ಲದ ಗೋರಬೋಲಿಯದು ಇನ್ನೂ ವಿಶೇಷ ಪ್ರಸಂಗ. ಮೂರು ರಾಜ್ಯಗಳ ತಾಂಡಾಗಳಲ್ಲಿ ಆಡುವ ಒಂದೇ ಮಾತನ್ನು ಒಂದು ಕಡೆ ಕನ್ನಡ, ಇನ್ನೊಂದು ಕಡೆ ದೇವನಾಗರಿ, ಮತ್ತೊಂದು ಕಡೆ ತೆಲುಗು ಲಿಪಿಯಲ್ಲಿ ಬರೆಯಲಾಗುತ್ತದೆ. ಒಂದು ತಾಂಡಾದಲ್ಲಿ ಅಚ್ಚಾದ ಹಾಡಿನ ಪುಸ್ತಕವನ್ನು ಗಡಿಯಾಚೆಯ ತಾಂಡಾದ ಯ��ವಕ ಕೇಳಿದರೆ ತಿಳಿಯಬಲ್ಲ, ನೋಡಿದರೆ ಓದಲಾರ.

ತರಗತಿಯ ಬಾಗಿಲಲ್ಲಿ

ಇಂದು ಈ ಪರಿಸರದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಅವುಗಳಿಗಿಂತ ವೇಗವಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಹಬ್ಬುತ್ತಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ನೀಡಿತು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಹೀಗೆ ಕಾನೂನಿನ ಮಟ್ಟದಲ್ಲಿ ಕನ್ನಡದ ಸ್ಥಾನ ಒಂದು ಬಗೆಯಲ್ಲಿ ಭದ್ರವಾಗಿದೆ. ಆದರೆ ಕಲಿಕೆ ನಡೆಯುವುದು ಕಾನೂನಿನಲ್ಲಲ್ಲ, ತರಗತಿಯಲ್ಲಿ.

ಅಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಕನ್ನಡದ ಮಗುವಿಗೇ ಇರುವ ತೊಡಕು. ಮನೆಯಲ್ಲಿ ‘ಮಾಡಲತ್ತೀನಿ’, ‘ಬರಲತ್ತಾನ’ ಎನ್ನುವ ಮಗುವಿಗೆ ಪುಸ್ತಕ ‘ಮಾಡುತ್ತಿದ್ದೇನೆ’, ‘ಬರುತ್ತಿದ್ದಾನೆ’ ಎಂದು ಹೇಳುತ್ತದೆ. ಮಗುವಿನ ರೂಪ ಅಶುದ್ಧವೇನೂ ಅಲ್ಲ. ‘ಮಾಡಲು ಹತ್ತಿದ್ದೇನೆ’ ಎಂಬ ರಚನೆಯಿಂದ ಕ್ರಮಬದ್ಧವಾಗಿ ಬಂದ ರೂಪವದು. ಇದನ್ನು ಬಲ್ಲ ಶಿಕ್ಷಕರು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ತೋರಿಸುತ್ತಾರೆ. ಅರಿಯದವರು ಮನೆಯ ಮಾತನ್ನು ತಪ್ಪೆಂದು ಹೊಡೆದುಹಾಕುತ್ತಾರೆ. ಎರಡನೆಯದು ಮರಾಠಿ, ದಖನಿ, ಗೋರಬೋಲಿಗಳನ್ನಾಡುವ ಮಗುವಿನ ತೊಡಕು. ಮೂರು ನುಡಿಗಳನ್ನು ಕೇಳಿ ತಿಳಿಯಬಲ್ಲ ಆ ಮಗು ಕನ್ನಡದ ಬರಹದಲ್ಲಿ ಹಿಂದೆ ಬಿದ್ದೊಡನೆ ‘ದಡ್ಡ’ ಎನಿಸಿಕೊಳ್ಳುತ್ತದೆ. ಹಿಂದೆ ಕನ್ನಡದ ಮಗು ಉರ್ದು ಶಾಲೆಯ ಬಾಗಿಲಲ್ಲಿ ಅನುಭವಿಸಿದ ಅವಮಾನವೇ ಇದು. ಕನ್ನಡ ತಾನು ಉಂಡ ನೋವನ್ನು ಇನ್ನೊಂದು ನುಡಿಗೆ ಬಡಿಸಬಾರದೆಂಬುದು ಭಾಲ್ಕಿಯ ಚರಿತ್ರೆ ಕಲಿಸುವ ಪಾಠ.

ತಾಯ್ನುಡಿಯ ಮೂಲಕ ಆರಂಭದ ಶಿಕ್ಷಣ ನೀಡುವುದು ಮೇಲೆಂದು 1953ರಷ್ಟು ಹಿಂದೆಯೇ ಯುನೆಸ್ಕೋ ವರದಿ ಹೇಳಿತ್ತು. ತಾಯ್ನುಡಿ ಒಂದೇ ಅಲ್ಲದ ಊರುಗಳಲ್ಲಿ ಈ ತತ್ವವನ್ನು ಹೇಗೆ ನಡೆಸಬೇಕೆಂಬುದಕ್ಕೆ ಜಾನಪದವೇ ದಾರಿ ತೋರಬಲ್ಲದು. ಕರ್ನಾಟಕದ ಸರ್ಕಾರಿ ಶಾಲೆಗಳ ‘ನಲಿಕಲಿ’ ಪದ್ಧತಿಯಲ್ಲಿ ಹಾಡಿಗೂ ಆಟಕ್ಕೂ ಸ್ಥಾನವಿದೆ. ಆ ಸ್ಥಾನಕ್ಕೆ ಬುಲಾಯಿ ಹಾಡು ಬರಬಹುದು. ತ್ರಿಪದಿಯ ಪಕ್ಕದಲ್ಲಿ ಓವಿಯೊಂದನ್ನು ಕೇಳಿಸಿ ಎರಡರಲ್ಲಿಯೂ ಇರುವ ಅಣ್ಣ, ಅಕ್ಕ ಎಂಬ ಪದಗಳನ್ನು ಮಕ್ಕಳಿಂದಲೇ ಹುಡುಕಿಸಬಹುದು. ‘ಯಳಕೋಟ’ದ ಕಥೆಯಿಂದ ಮರಾಠಿಯ ಮಗುವಿಗೆ ಕನ್ನಡದ ಎಣಿಕೆಯನ್ನು ಆರಂಭಿಸಬಹುದು. ಶಿಕ್ಷಕರ ತರಬೇತಿಯಲ್ಲಿ ಸೀಮೆಯ ಆಡುನುಡಿಯ ಪರಿಚಯವೂ ನೆರೆಯ ಭಾಷೆಗಳ ತಿಳಿವಳಿಕೆಯೂ ಸೇರಿದರೆ ಈ ಕೆಲಸಕ್ಕೆ ಹೊಸ ಹಣವಾಗಲಿ ಹೊಸ ಇಲಾಖೆಯಾಗಲಿ ಬೇಕಾಗದು.

ಇದಕ್ಕೆ ಹೆಚ್ಚು ಕಾಲಾವಕಾಶವಿಲ್ಲವೆಂಬುದನ್ನೂ ಹೇಳಬೇಕು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಹೆಂಗಸರ ದೈಹಿಕ ಶ್ರಮ ಇಳಿದದ್ದು ಒಳ್ಳೆಯದೇ. ಆದರೆ ಅದರೊಡನೆ ಒಂದು ಪಾಠಶಾಲೆಯೂ ಮುಚ್ಚಿತು. ಹಾಡು ಬಲ್ಲ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ. ಅವರ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕುವ ಕಾರ್ಯವನ್ನು ಜಾನಪದ ವಿದ್ವಾಂಸರು ಮಾಡುತ್ತ ಬಂದಿದ್ದಾರೆ. ಸಂಗ್ರಹ ಹಾಡನ್ನು ಉಳಿಸುತ್ತದೆ. ಹಾಡು ಮಾಡುತ್ತಿದ್ದ ಕೆಲಸವನ್ನು ಉಳಿಸುವುದು ಬಳಕೆ ಮಾತ್ರ. ಪಟ್ಟದ್ದೇವರ ಕಾಲದಲ್ಲಿ ಪಡಸಾಲೆಯ ಕನ್ನಡಕ್ಕೆ ಅಕ್ಷರ ಬೇಕಾಗಿತ್ತು. ಇಂದು ಅಕ್ಷರ ಕಲಿಸುವ ಶಾಲೆಗೆ ಪಡಸಾಲೆಯ ಹಲವು ನುಡಿಗಳು ಬೇಕಾಗಿವೆ. ಆ ಹಾಡುಗಳನ್ನು ಬಲ್ಲ ಅಜ್ಜಿಯೊಬ್ಬಳು ಭಾತಂಬ್ರಾದಂಥ ಊರಿನ ಶಾಲೆಯ ತರಗತಿಗೆ ವಾರಕ್ಕೊಮ್ಮೆ ಬಂದು ಕೂರುವಂತಾದರೆ, ಮೂರು ಮನೆಮಾತಿನ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಅವಳ ಸೊಲ್ಲನ್ನು ಹಿಡಿಯಬಲ್ಲರು.